ಜೀವ ಉಳಿಯಿತು, ನೆಮ್ಮದಿ ಇನ್ನೂ ದಾರಿಯಲ್ಲಿದೆ
(ಆಫ್ಘನ್ ನಿರಾಶ್ರಿತರ ಮನೋವ್ಯಥೆ ಕುರಿತ ಭಾಷಣದ ಪಠ್ಯ)



ನಾವು ದೆಹಲಿಯಲ್ಲಿರಲಿ, ಪುಣೆಯಲ್ಲಿರಲಿ, ನಮ್ಮ ತಿಳಿಸಾರಿನ ಒಗ್ಗರಣೆಗೆ ಒಂದು ಚಿಟಿಕೆ ಇಂಗು ಬೇಕೇ ಬೇಕು. ಆ ಇಂಗು ಕರ್ನಾಟಕದ ಬೆಳೆಯಲ್ಲ. ತಲೆಮಾರುಗಳಿಂದ ಅದು ನಮ್ಮ ಅಡುಗೆಮನೆಗೆ ಬಂದಿರುವುದು ಬಹಳ ಮಟ್ಟಿಗೆ ಆಫ್ಘಾನಿಸ್ತಾನದ ಕಡೆಯಿಂದ. ಅಂಜೂರ, ಬಾದಾಮಿ, ಒಣದ್ರಾಕ್ಷಿಯ ಕಥೆಯೂ ಹಾಗೆಯೇ. ಆ ದೇಶದ ಸರಕನ್ನು ನಾವು ಬಲ್ಲೆವು. ಅಲ್ಲಿಂದ ಬಂದ ಜನರನ್ನು ಎಷ್ಟು ಬಲ್ಲೆವು ಎಂಬುದು ಬೇರೆ ಪ್ರಶ್ನೆ. ಇಂದಿನ ಮಾತು ಆ ಜನರನ್ನು ಕುರಿತದ್ದು. ಅದರಲ್ಲೂ ಅವರ ಮನಸ್ಸಿನ ಆರೋಗ್ಯವನ್ನು ಕುರಿತದ್ದು.

ಮೊದಲು ಸ್ವಲ್ಪ ಹಿನ್ನೆಲೆ ನೋಡೋಣ. 1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಸರ್ಕಾರ ಉರುಳಿತು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಒಳಗೆ ಬಂತು. ಅದು 1989ರ ಫೆಬ್ರವರಿಯಲ್ಲಿ ಹೊರಟುಹೋದ ಮೇಲೆ ಅಂತರ್ಯುದ್ಧ ನಡೆಯಿತು. 1996ರಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿಯಿತು. 2001ರಲ್ಲಿ ಅಮೆರಿಕ ಬಂತು. 2021ರ ಆಗಸ್ಟ್ 15ರಂದು ಮತ್ತೆ ತಾಲಿಬಾನ್ ಆಡಳಿತ ಬಂತು. ಅಂದರೆ ಈಗ ಐವತ್ತರ ಆಸುಪಾಸಿನಲ್ಲಿರುವ ಒಬ್ಬ ಆಫ್ಘನ್ ಮಹಿಳೆ ಬುದ್ಧಿ ಬಂದಾಗಿನಿಂದ ನೆಮ್ಮದಿಯ ಒಂದು ದಶಕವನ್ನು ಕಂಡಿಲ್ಲ. ಒಂದೇ ಜನ್ಮದಲ್ಲಿ ಮೂರು ಮೂರು ಸಲ ಮನೆ ಬಿಟ್ಟವರಿದ್ದಾರೆ.

ಹೀಗೆ ಹೊರಬಿದ್ದವರಲ್ಲಿ ಬಹುಪಾಲು ಜನ ನೆಲೆಸಿದ್ದು ಪಕ್ಕದ ಪಾಕಿಸ್ತಾನ ಮತ್ತು ಇರಾನ್ ದೇಶಗಳಲ್ಲಿ. ಕೆಲವು ಸಾವಿರ ಮಂದಿ ನಮ್ಮ ದೆಹಲಿಗೂ ಬಂದರು. ಲಾಜಪತ ನಗರ, ಭೋಗಲ್, ಮಾಳವೀಯ ನಗರದ ಕಡೆ ಓಡಾಡುವ ಶ್ರೋತೃಗಳು ದರಿ ಭಾಷೆಯ ಫಲಕ ಹೊತ್ತ ಔಷಧಿ ಅಂಗಡಿಗಳನ್ನು, ತಂದೂರಿನಿಂದ ಆಗತಾನೇ ತೆಗೆದ ಉದ್ದನೆಯ ನಾನ್ ರೊಟ್ಟಿಗಳನ್ನು ನೋಡಿಯೇ ಇರುತ್ತೀರಿ. ಇವರಲ್ಲದೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಅಧಿಕೃತವಾಗಿ ಪುನರ್ವಸತಿ ಪಡೆದವರಿದ್ದಾರೆ. 2021ರ ಪತನದ ನಂತರ ಅಮೆರಿಕಕ್ಕೆ ಸುಮಾರು 76 ಸಾವಿರ ಮಂದಿ ಹೋದರು. ಮೊದಮೊದಲು ಅವರನ್ನು ಎಂಟು ಸೇನಾ ನೆಲೆಗಳಲ್ಲಿ ಇರಿಸಿ, ಆಮೇಲೆ ಊರೂರಿಗೆ ಕಳುಹಿಸಲಾಯಿತು. ಕೆನಡಾ 40 ಸಾವಿರ ಮಂದಿಯನ್ನು ಬರಮಾಡಿಕೊಳ್ಳುವ ಗುರಿ ಇಟ್ಟು, 2023ರಲ್ಲಿ ಅದನ್ನು ಮುಟ್ಟಿತು.

ಇಷ್ಟು ಕೇಳಿದ ಮೇಲೆ ನಮಗೆ ಅನ್ನಿಸುವುದೇನು? "ಅಬ್ಬಾ, ಪಾರಾದರಲ್ಲ! ವಿಮಾನ ಹತ್ತಿದರು, ಜೀವ ಉಳಿಯಿತು, ಸಿರಿವಂತ ದೇಶ ಸೇರಿದರು. ಇನ್ನೇನು ಚಿಂತೆ?" ಹೀಗೆ ಅನ್ನಿಸುವುದು ಸಹಜ. ಆದರೆ ಮನಸ್ಸಿನ ಲೆಕ್ಕ ಹಾಗಿರುವುದಿಲ್ಲ. ಓಡುವಾಗ ಕಾಲಿಗೆ ಚುಚ್ಚಿದ ಮುಳ್ಳು ಓಡುವಾಗ ನೋಯುವುದಿಲ್ಲ, ಕುಳಿತ ಮೇಲೆ ನೋಯುತ್ತದೆ. ಎಷ್ಟೋ ನಿರಾಶ್ರಿತರಲ್ಲಿ ನಿದ್ದೆಗೇಡು, ದುಃಸ್ವಪ್ನ, ಎದೆಬಡಿತ, ಸುಮ್ಮಸುಮ್ಮನೆ ಸಿಡುಕು, ಯಾವುದರಲ್ಲೂ ಆಸಕ್ತಿ ಇಲ್ಲದ ಮಂಕುತನ, ಇವೆಲ್ಲ ಕಾಣಿಸಿಕೊಳ್ಳುವುದು ಸುರಕ್ಷಿತ ಜಾಗ ಸೇರಿದ ಮೇಲೆಯೇ.

ಈ ಸಂಕಟವನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು ಬಹಳ ಮುಖ್ಯ. ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. "ನನಗೆ ಖಿನ್ನತೆ ಆಗಿದೆ" ಎಂದು ನಮ್ಮ ಅಜ್ಜಿಯರು ಎಂದಾದರೂ ಹೇಳಿದ್ದುಂಟೇ? "ಕರುಳು ಕಿತ್ತು ಬಂದ ಹಾಗಾಗುತ್ತೆ", "ಎದೆ ಭಾರ", "ಹೊಟ್ಟೆಯಲ್ಲಿ ಸಂಕಟ" ಎನ್ನುತ್ತಿದ್ದರು. ನಾವು ದುಃಖವನ್ನು ಕರುಳಿನಲ್ಲಿ ಇಟ್ಟಿದ್ದೇವೆ. ಆಫ್ಘನ್ನರು ಅದನ್ನು ಪಿತ್ತಜನಕಾಂಗದಲ್ಲಿ, ಅಂದರೆ ಜಿಗರಿನಲ್ಲಿ ಇಟ್ಟಿದ್ದಾರೆ. ದರಿ ಭಾಷೆಯಲ್ಲಿ 'ಜಿಗರ್ ಖೂನ್' ಎಂಬ ಮಾತಿದೆ. ಜಿಗರು ರಕ್ತವಾಯಿತು ಎಂದು ಅದರ ಅರ್ಥ. ಹತ್ತಿರದವರನ್ನು ಕಳೆದುಕೊಂಡವರು, ಬಾಳಿನಲ್ಲಿ ದೊಡ್ಡ ಪೆಟ್ಟು ತಿಂದವರು ಈ ಮಾತು ಆಡುತ್ತಾರೆ.

ಇನ್ನೊಂದು ಮಾತು 'ಫಿಶಾರ್'. ಫಿಶಾರ್ ಎಂದರೆ ಒತ್ತಡ. ಒಳಗೆ ಕುದಿಯುತ್ತಿದ್ದರೆ 'ಫಿಶಾರೆ ಬಾಲಾ', ಅಂದರೆ ಒತ್ತಡ ಮೇಲೇರಿದೆ. ಶಕ್ತಿಯೇ ಉಡುಗಿ ಹೋಗಿದ್ದರೆ 'ಫಿಶಾರೆ ಪಾಯಿನ್', ಒತ್ತಡ ಕೆಳಗಿಳಿದಿದೆ. ಈಗ ಊಹಿಸಿ ನೋಡಿ. ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯಲ್ಲಿ ಒಬ್ಬ ತಾಯಿ "ನನಗೆ ಫಿಶಾರ್ ಜಾಸ್ತಿಯಾಗಿದೆ" ಎನ್ನುತ್ತಾಳೆ. ದುಭಾಷಿ ಅದನ್ನು ಬ್ಲಡ್ ಪ್ರೆಷರ್ ಎಂದು ಅನುವಾದಿಸುತ್ತಾನೆ. ನರ್ಸ್ ತೋಳಿಗೆ ಪಟ್ಟಿ ಕಟ್ಟಿ ಅಳೆಯುತ್ತಾಳೆ. ಎಲ್ಲ ಸರಿಯಾಗಿದೆ, ಮನೆಗೆ ಹೋಗಿ ಎನ್ನುತ್ತಾರೆ. ಆ ತಾಯಿ ಹೇಳಬಂದ ಮಾತು ಹೇಳದೇ ಉಳಿಯಿತು. "ನನ್ನ ಬಿ.ಪಿ. ಏರಿಸಬೇಡ" ಎಂದು ಮನೆಯಲ್ಲಿ ದಿನಕ್ಕೆರಡು ಬಾರಿ ಹೇಳುವ ನಮಗೆ ಆ ತಾಯಿಯ ಮಾತು ಅರ್ಥವಾಗುವುದು ಕಷ್ಟವೇನಲ್ಲ, ಅಲ್ಲವೇ?

ಈ ಕಾರಣಕ್ಕಾಗಿಯೇ ಕೆನೆತ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಕಾಬೂಲಿನ ಜನರ ಜೊತೆ ಕುಳಿತು, ಅವರದೇ ಮಾತುಗಳನ್ನು ಕಲೆಹಾಕಿ, ಒಂದು ಲಕ್ಷಣಪಟ್ಟಿಯನ್ನು ತಯಾರಿಸಿದರು. ಅದು 2006ರಲ್ಲಿ ಪ್ರಕಟವಾಯಿತು. ಜಿಗರ್ ಖೂನ್, ಫಿಶಾರ್, ನರಗಳು ಕೆರಳಿ ಸಿಡುಕುವ 'ಅಸಬಿ', ಇವೆಲ್ಲ ಆ ಪಟ್ಟಿಯಲ್ಲಿ ಸೇರಿವೆ. ರೋಗಿಯ ಮಾತಿಗೆ ವೈದ್ಯರ ಪುಸ್ತಕವನ್ನು ಹೊಂದಿಸಿದರು.

ಈಗ ಸ್ವಲ್ಪ ಅಂಕಿ ಅಂಶ. ಆಫ್ಘಾನಿಸ್ತಾನದ ಒಳಗೇ ನಡೆದ ಎರಡು ಸಮೀಕ್ಷೆಗಳು 2004ರಲ್ಲಿ ಅಮೆರಿಕದ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ಒಂದು 2002ರಲ್ಲಿ ದೇಶದಾದ್ಯಂತ ನಡೆಸಿದ್ದು. ಅದರಲ್ಲಿ ಅಂಗವೈಕಲ್ಯವಿಲ್ಲದವರ ಪೈಕಿ ಸುಮಾರು ಶೇಕಡಾ 68 ಮಂದಿಯಲ್ಲಿ ಖಿನ್ನತೆಯ ಲಕ್ಷಣ, ಶೇಕಡಾ 72 ಮಂದಿಯಲ್ಲಿ ಆತಂಕದ ಲಕ್ಷಣ, ಶೇಕಡಾ 42 ಮಂದಿಯಲ್ಲಿ ಆಘಾತದ ನಂತರ ಉಳಿಯುವ ಒತ್ತಡದ ಲಕ್ಷಣ ಕಂಡವು. ಇನ್ನೊಂದು ಸಮೀಕ್ಷೆ ನಂಗರ್‌ಹಾರ್ ಪ್ರಾಂತ್ಯದ್ದು. ಅಲ್ಲಿ ಈ ಮೂರು ಅಂಕಿಗಳು ಸುಮಾರು 38, 52 ಮತ್ತು 20. ಎರಡಕ್ಕೂ ಎಷ್ಟು ಅಂತರ ನೋಡಿ! ಹಾಗಾಗಿ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇವು ಪ್ರಶ್ನಾವಳಿಗೆ ಸಿಕ್ಕ ಉತ್ತರಗಳೇ ಹೊರತು ವೈದ್ಯರು ಒಬ್ಬೊಬ್ಬರನ್ನೇ ಪರೀಕ್ಷಿಸಿ ಹೇಳಿದ ಕಾಯಿಲೆಗಳಲ್ಲ. ಒಂದು ಮಾತಂತೂ ಖರೆ. ದೇಶ ಬಿಟ್ಟು ಹೊರಟವರು ಖಾಲಿ ಕೈಯಲ್ಲಿ ಹೊರಟರೂ ಖಾಲಿ ಮನಸ್ಸಿನಲ್ಲಿ ಹೊರಡಲಿಲ್ಲ.

ಹಾಗಾದರೆ ಎಲ್ಲದಕ್ಕೂ ಯುದ್ಧವೇ ಕಾರಣವೇ? ಇಲ್ಲಿದೆ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವ ಮುಖ್ಯ ವಿಚಾರ. ಅದೇ ಮಿಲ್ಲರ್ ತಂಡ ಕಾಬೂಲಿನಲ್ಲಿ ನಡೆಸಿದ ಇನ್ನೊಂದು ಅಧ್ಯಯನ 2008ರಲ್ಲಿ ಹೊರಬಂತು. ಜನ ಕಂಡ ಯುದ್ಧದ ಅನುಭವಗಳನ್ನು ಒಂದು ಕಡೆ, ದಿನನಿತ್ಯದ ಕಾಟಗಳನ್ನು ಇನ್ನೊಂದು ಕಡೆ ಇಟ್ಟು ತೂಗಿದಾಗ, ಬಹುತೇಕ ಲಕ್ಷಣಗಳಿಗೆ ದಿನನಿತ್ಯದ ಕಾಟಗಳದ್ದೇ ಹೆಚ್ಚಿನ ತೂಕ ಬಂತು. ಕೆಲಸವಿಲ್ಲ, ಇಕ್ಕಟ್ಟಾದ ಮನೆ, ಮನೆಯೊಳಗಿನ ಜಗಳ, ನಾಳೆಯ ಅನ್ನದ ಚಿಂತೆ, ಇಂಥವು. ನಡೆದುಹೋದ ಯುದ್ಧವನ್ನು ಯಾರೂ ಅಳಿಸಲಾರರು. ಆದರೆ ಇಂದಿನ ಕಾಟವನ್ನು ಕಡಿಮೆ ಮಾಡಬಹುದಲ್ಲ! ಭರವಸೆ ಇರುವುದು ಇಲ್ಲಿಯೇ.

ಪುನರ್ವಸತಿ ಪಡೆದವರ ದಿನನಿತ್ಯದ ಕಾಟಗಳು ಯಾವುವು ನೋಡೋಣ.

ಮೊದಲನೆಯದು ಕಾಗದ. ಅಂದರೆ ವೀಸಾ, ಪರವಾನಗಿ, ಕಾನೂನಿನ ಆಸರೆ. ಆಸ್ಟ್ರೇಲಿಯಾ 1999ರಲ್ಲಿ ತಾತ್ಕಾಲಿಕ ರಕ್ಷಣಾ ವೀಸಾ ಎಂಬ ಪದ್ಧತಿ ತಂದಿತು. ಮೂರು ವರ್ಷ ಇರು, ಆಮೇಲೆ ನೋಡೋಣ ಎಂಬ ಧೋರಣೆ. ಅಲ್ಲಿ ಪರ್ಷಿಯನ್ ಭಾಷೆಯಾಡುವ ನಿರಾಶ್ರಿತರನ್ನು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಹಿಂದೆ ಅನುಭವಿಸಿದ ಕಷ್ಟ ಎರಡು ಗುಂಪಿನವರಿಗೂ ಹೆಚ್ಚುಕಡಿಮೆ ಒಂದೇ. ಆದರೂ ಕಾಯಂ ವೀಸಾ ಇದ್ದವರಿಗಿಂತ ತಾತ್ಕಾಲಿಕ ವೀಸಾದವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿದ್ದವು. ಅಮೆರಿಕದಲ್ಲೂ ಇದೇ ಹಾಡು. 2021ರಲ್ಲಿ ಬಂದ ಬಹುಪಾಲು ಮಂದಿಗೆ ಕೊಟ್ಟದ್ದು ಎರಡು ವರ್ಷದ ಅನುಮತಿ. ಅವರಿಗೆ ಕಾಯಂ ನೆಲೆ ಕೊಡುವ ಮಸೂದೆ 2022ರಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ. 2025ರ ಜನವರಿಯಲ್ಲಿ ಹೊಸ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿಯಲಾಯಿತು. ಅದೇ ಜುಲೈನಲ್ಲಿ ಆಫ್ಘನ್ನರಿಗಿದ್ದ ತಾತ್ಕಾಲಿಕ ರಕ್ಷಣೆ ಕೊನೆಗೊಂಡಿತು. ನವೆಂಬರ್‌ನಲ್ಲಿ ವಾಷಿಂಗ್ಟನ್ನಿನ ಗುಂಡಿನ ದಾಳಿಯ ಆರೋಪ ಒಬ್ಬ ಆಫ್ಘನ್ ವ್ಯಕ್ತಿಯ ಮೇಲೆ ಬಂದಾಗ, ಎಲ್ಲ ಆಫ್ಘನ್ನರ ವಲಸೆ ಅರ್ಜಿಗಳ ಪರಿಶೀಲನೆಯನ್ನೇ ನಿಲ್ಲಿಸಿದರು. ಒಬ್ಬನ ಮೇಲಿನ ಆರೋಪಕ್ಕೆ ಸಾವಿರಾರು ಮನೆಗಳಲ್ಲಿ ನಿದ್ದೆ ಹೋಯಿತು.

ಎರಡನೆಯದು ಕುಟುಂಬದ ಅಗಲಿಕೆ. ಕಾಬೂಲ್ ವಿಮಾನ ನಿಲ್ದಾಣದ ಆ ನೂಕುನುಗ್ಗಲಿನಲ್ಲಿ ಗಂಡ ಒಳಗೆ, ಹೆಂಡತಿ ಹೊರಗೆ ಉಳಿದ ಸಂಸಾರಗಳುಂಟು. ಸಾವಿರಕ್ಕೂ ಮೀರಿದ ಮಕ್ಕಳು ಹೆತ್ತವರಿಲ್ಲದೆ ಅಮೆರಿಕ ಸೇರಿದರು. ಅಲ್ಲಿ ಹೋದವರು ಹಗಲೆಲ್ಲ ದುಡಿದು, ರಾತ್ರಿ ಫೋನು ಹಿಡಿದು ಕೂರುತ್ತಾರೆ. ಊರಿನಲ್ಲಿ ಅಣ್ಣನ ಮಗಳ ಶಾಲೆ ಮುಚ್ಚಿದೆ, ತಂಗಿಯ ಕಾಲೇಜು 2022ರ ಡಿಸೆಂಬರ್‌ನಿಂದ ನಿಂತಿದೆ. ತಾನು ತಿನ್ನುವ ಪ್ರತಿ ತುತ್ತೂ ತಪ್ಪೆನಿಸುತ್ತದೆ. ಬದುಕಿ ಉಳಿದದ್ದೇ ಅಪರಾಧ ಎಂಬ ಭಾವ. ರವೀಂದ್ರನಾಥ ಠಾಕೂರರ 'ಕಾಬೂಲಿವಾಲಾ' ಕಥೆ ನಿಮಗೆ ನೆನಪಿರಬೇಕು. ಊರಲ್ಲಿ ಬಿಟ್ಟುಬಂದ ಮಗಳ ಕೈಗುರುತನ್ನು ಕಾಗದದಲ್ಲಿಟ್ಟುಕೊಂಡು ಕಲ್ಕತ್ತೆಯ ಬೀದಿ ಅಲೆದ ತಂದೆ. ಆ ಕಥೆ ಬಂದದ್ದು 1892ರಲ್ಲಿ. ಇಂದು ಕಾಗದದ ಬದಲು ಮೊಬೈಲಿನ ಚಿತ್ರ ಇದೆ, ಅಷ್ಟೇ.

ಮೂರನೆಯದು ಮಾನ. ಕಾಬೂಲಿನಲ್ಲಿ ವೈದ್ಯ, ಎಂಜಿನಿಯರ್, ನ್ಯಾಯಾಧೀಶ ಆಗಿದ್ದವನ ಪದವಿ ಹೊಸ ದೇಶದಲ್ಲಿ ನಡೆಯುವುದಿಲ್ಲ. ಟ್ಯಾಕ್ಸಿ ಓಡಿಸುತ್ತಾನೆ, ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಯಾವ ಕೆಲಸವೂ ಕೀಳಲ್ಲ, ನಿಜ. ಆದರೆ "ನಾನು ಯಾರು" ಎಂಬ ಪ್ರಶ್ನೆಗಿದ್ದ ಉತ್ತರ ಕೈತಪ್ಪಿದರೆ ಮನಸ್ಸು ತೂಗುಯ್ಯಾಲೆಯಾಗುತ್ತದೆ. ಮನೆಯೊಳಗೂ ಪಾತ್ರಗಳು ಅದಲುಬದಲಾಗುತ್ತವೆ. ಮಕ್ಕಳು ಬೇಗ ಭಾಷೆ ಕಲಿತು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಬಾಯಿಯಾಗುತ್ತಾರೆ. ಹನ್ನೆರಡು ವರ್ಷದ ಹುಡುಗಿಯ ಎದುರು, ಅವಳ ಬಾಯಿಯಿಂದಲೇ, ತಾಯಿ ತನ್ನ ಸಂಕಟವನ್ನು ವೈದ್ಯರಿಗೆ ಹೇಗೆ ಹೇಳಿಸಿಯಾಳು?

ನಾಲ್ಕನೆಯದು ಒಂಟಿತನ. ಇದು ವಯಸ್ಸಾದವರನ್ನೂ ಮನೆಯಲ್ಲೇ ಇರುವ ಹೆಂಗಸರನ್ನೂ ಹೆಚ್ಚು ಕಾಡುತ್ತದೆ. ಅಂಗಳ ತುಂಬ ಬಂಧುಗಳಿದ್ದ ಮನೆಯಿಂದ ಹೊರಟು ಬಸ್ಸು ಹತ್ತಲೂ ಬಾರದ ಊರಿನ ಎರಡು ಕೋಣೆಯಲ್ಲಿ ಕೂರುವುದು ಸಣ್ಣ ಮಾತಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಂಥ ಕಡೆ 'ಪುಟ್ಟ ಕಾಬೂಲ್' ಎಂದು ಕರೆಸಿಕೊಳ್ಳುವ ಬೀದಿಯೇ ಇದೆ. ಅಂಥ ಕಡೆ ಸಿಕ್ಕವರು ಅದೃಷ್ಟವಂತರು. ಬೇರೆಲ್ಲೋ ಒಂಟಿಯಾಗಿ ಬಿದ್ದವರ ಪಾಡು ಬೇರೆ.

ಇಷ್ಟೆಲ್ಲ ಇದ್ದೂ ಅವರು ವೈದ್ಯರ ಬಳಿ ಏಕೆ ಹೋಗುವುದಿಲ್ಲ? ಕಾರಣ ನಮಗೆ ಹೊಸದೇನಲ್ಲ. ಅವರಲ್ಲಿ 'ದೀವಾನಾ' ಎಂಬ ಹಣೆಪಟ್ಟಿಯ ಭಯ, ನಮ್ಮಲ್ಲಿ 'ತಲೆ ಕೆಟ್ಟಿದೆ' ಎಂಬ ಮಾತಿನ ಭಯ. ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ಎರಡೂ ಕಡೆ ಒಂದೇ. ಜೊತೆಗೆ ದುಭಾಷಿಯ ತೊಡಕು ಬೇರೆ. ದುಭಾಷಿ ಅದೇ ಚಿಕ್ಕ ಸಮುದಾಯದವನಾದರೆ ಗುಟ್ಟು ಹೊರಬಿದ್ದೀತು ಎಂಬ ಭಯ. ಬೇರೆ ಬುಡಕಟ್ಟಿನವನಾದರೆ ಹಳೆಯ ಅಪನಂಬಿಕೆ. ಆದ್ದರಿಂದ ತಲೆನೋವು, ಬೆನ್ನುನೋವು, ಹೊಟ್ಟೆನೋವು ಎಂದು ಹೋಗುತ್ತಾರೆ. ಮಾತ್ರೆ ತರುತ್ತಾರೆ. ನೋವು ಹೋಗುವುದಿಲ್ಲ.

ಪರಿಹಾರವಿಲ್ಲವೇ? ಇದೆ. ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 'ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್' ಎಂಬ ಸರಳ ಕ್ರಮವೊಂದನ್ನು ರೂಪಿಸಿದೆ. ಐದೇ ಭೇಟಿ. ನಡೆಸುವವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ನಿಧಾನವಾಗಿ ಉಸಿರಾಡುವುದು, ಒಂದೊಂದೇ ಸಮಸ್ಯೆಯನ್ನು ಬಿಡಿಸಿ ನೋಡುವುದು, ನಿಂತುಹೋದ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಶುರುಮಾಡುವುದು, ಜನರ ಜೊತೆಗಿನ ನಂಟು ಬಲಪಡಿಸುವುದು, ಇಷ್ಟನ್ನು ಕಲಿಸುತ್ತಾರೆ. ಇದನ್ನು ಪಾಕಿಸ್ತಾನದ ಪೇಶಾವರದಲ್ಲಿ 346 ಮಂದಿಯ ಮೇಲೆ ಪರೀಕ್ಷಿಸಿದರು. 2016ರಲ್ಲಿ ಬಂದ ವರದಿಯ ಪ್ರಕಾರ ಆತಂಕ, ಖಿನ್ನತೆ ಎರಡೂ ಕಡಿಮೆಯಾದವು. ತೀವ್ರ ಕಾಯಿಲೆ ಇದ್ದವರಿಗೆ ವೈದ್ಯರೇ ಬೇಕು, ಔಷಧಿಯೂ ಬೇಕಾಗಬಹುದು. ಆದರೆ ಬಹಳ ಮಂದಿಗೆ ಬೇಕಿರುವುದು ಕೇಳುವ ಕಿವಿ ಮತ್ತು ಕೈಗೆ ಸಿಗುವ ಒಂದು ದಾರಿ.

ಕೇಳುವ ಕಿವಿ ಎಂದಾಗ ನಮ್ಮ ಆಕಾಶವಾಣಿಯ ಬಳಗಕ್ಕೆ ಹೇಳಲೇಬೇಕಾದ ಒಂದು ಸಂಗತಿ ಇದೆ. 1994ರಲ್ಲಿ ಬಿ.ಬಿ.ಸಿ.ಯವರು ದರಿ ಮತ್ತು ಪಶ್ತೋ ಭಾಷೆಗಳಲ್ಲಿ 'ಹೊಸ ಮನೆ, ಹೊಸ ಬದುಕು' ಎಂಬರ್ಥದ ಹೆಸರಿನ ರೇಡಿಯೋ ಧಾರಾವಾಹಿ ಆರಂಭಿಸಿದರು. ಹಳ್ಳಿಯ ಸಂಸಾರಗಳ ಕಥೆ ಅದು. ಕಥೆಯ ನಡುವೆಯೇ ನೆಲಬಾಂಬಿನ ಎಚ್ಚರಿಕೆ, ಮಕ್ಕಳ ಲಸಿಕೆ, ಮನೆಜಗಳದ ಪರಿಹಾರ ಬರುತ್ತಿದ್ದವು. ಊರಲ್ಲಿದ್ದವರೂ ಶಿಬಿರದಲ್ಲಿದ್ದವರೂ ಅದೇ ಕಥೆ ಕೇಳಿ ಮರುದಿನ ಅದೇ ಮಾತಾಡಿಕೊಳ್ಳುತ್ತಿದ್ದರು. ದೂರದಲ್ಲಿದ್ದವನಿಗೆ ತನ್ನ ಮಾತಿನ ದನಿ ಕೇಳಿಸುವುದು ಏನೆಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ನಾವೂ ಅವರೂ ಒಂದೇ ಎನ್ನುವಂತಿಲ್ಲ. ನಾವು ನೌಕರಿಗೆ, ಓದಿಗೆ ಊರು ಬಿಟ್ಟವರು. ಯುಗಾದಿಗೆ ರೈಲು ಹತ್ತಿದರೆ ಹುಬ್ಬಳ್ಳಿಯೋ ಮೈಸೂರೋ ಸಿಗುತ್ತದೆ. ಅಪ್ಪ ಅಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಗೆ ಆ ರೈಲೇ ಇಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಂಡೇ ನಾವು ಅವರ ಹತ್ತಿರ ಹೋಗಬೇಕು.

ನಮ್ಮ ದೆಹಲಿಯಲ್ಲಿರುವವರ ಸ್ಥಿತಿಯಂತೂ ಇನ್ನೂ ಸೂಕ್ಷ್ಮ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲಿಲ್ಲ. ಮೂರನೆಯ ದೇಶವೊಂದು ಕರೆದೀತು ಎಂದು ವರ್ಷಗಟ್ಟಲೆ ಕಾದವರಿದ್ದಾರೆ. 2021ರ ಆಗಸ್ಟ್‌ನಲ್ಲಿ ವಸಂತ ವಿಹಾರದ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಮುಂದೆ ಅವರು ಕುಳಿತು ಕೇಳಿದ್ದೂ ಅದನ್ನೇ. ಅತ್ತ ಹೋಗಲಾರದೆ, ಇತ್ತ ಬೇರೂರಲಾರದೆ ಕಾಯುವುದು ಕೂಡ ಮನಸ್ಸನ್ನು ಸವೆಸುತ್ತದೆ.

ನಿಮ್ಮ ಬೀದಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಪಕ್ಕದ ಫ್ಲಾಟಿನಲ್ಲಿ ಅಂಥ ಕುಟುಂಬ ಇದ್ದರೆ ಏನು ಮಾಡಬಹುದು? ಸಿಕ್ಕ ಕೂಡಲೇ "ಅಲ್ಲಿ ಏನಾಯ್ತು? ಯಾರು ಸತ್ತರು?" ಎಂದು ಕೇಳಬೇಡಿ. ಗಾಯದ ಬಟ್ಟೆ ಬಿಚ್ಚುವ ಹಕ್ಕು ಗಾಯಗೊಂಡವರದು. ಹೆಸರು ಕೇಳಿ, ಮಕ್ಕಳ ಓದು ಕೇಳಿ, ಅವರ ಪಲಾವಿನ ಬಗೆ ಕೇಳಿ. ಆಸ್ಪತ್ರೆಗೋ ಬ್ಯಾಂಕಿಗೋ ಜೊತೆಗೆ ಹೋಗಬಲ್ಲಿರಾದರೆ ಹೋಗಿ, ಅವರ ಮಗು ಆ ಹೊತ್ತು ಶಾಲೆಯಲ್ಲಿರಲಿ. ಬಾಡಿಗೆ ಮನೆ ಕೊಡುವವರಾದರೆ ಹನ್ನೊಂದು ತಿಂಗಳಿಗೊಮ್ಮೆ ಅವರ ಎದೆ ಝಲ್ಲೆನ್ನದ ಹಾಗೆ ಕರಾರನ್ನು ಮೊದಲೇ ಮಾತಾಡಿ ಮುಗಿಸಿ. ಪತ್ರಿಕೆಯಲ್ಲಿ ಏನಾದರೂ ಕೆಟ್ಟ ಸುದ್ದಿ ಬಂದ ದಿನ ಅವರನ್ನು ಕಂಡು ಮುಖ ತಿರುಗಿಸಬೇಡಿ. ಆ ದಿನ ಒಂದು ನಮಸ್ಕಾರಕ್ಕೆ ಬೇರೆ ದಿನಗಳಿಗಿಂತ ಬೆಲೆ ಹೆಚ್ಚು.

ಕೊನೆಯದಾಗಿ ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲೇ ಯಾರಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡ ಎನ್ನುವ ಮಾತಾಡುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಸಿಗುವುದೇ ಅರ್ಧ ಔಷಧಿ. ಆ ಅರ್ಧ ನಮಗೆ ಸಿಕ್ಕಿದೆ. ನಮ್ಮ ನೆರೆಯ ಆಫ್ಘನ್ ತಾಯಿಗೆ ಇನ್ನೂ ಸಿಕ್ಕಿಲ್ಲ. ಅವಳಿಗೆ ಸಿಗುವ ತನಕ, ಭಾಷೆ ಬಾರದಿದ್ದರೂ ಸರಿ, ಒಂದು ಲೋಟ ಚಹಾ ಮುಂದಿಟ್ಟುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸ ನಮ್ಮದು.